ಐದನೆಯ ಸಭೆಯ ನಡಾವಳಿ

ಸ್ಥಳ: ತಿತಿಮತಿ, ಸಮುದಾಯ ಭವನದ ಪಕ್ಕದ ಕೋಣೆ.
ಹಾಜರಿದ್ದವರು ಆರು. ಕುರ್ಚಿ ಐದು.
ಹಾಡಿಯ ತೋಲಕ್ಕ ಹೊಸ್ತಿಲಲ್ಲೇ ಕೂತಳು,
ನನ್ನದನ್ನು ಬಿಟ್ಟುಕೊಟ್ಟರೂ ಬೇಡವೆಂದಳು.
ಇದನ್ನೆಲ್ಲ ಬರೆಯಬೇಕಿಲ್ಲ ಎಂದರು ಡಾಕ್ಟರ್ ಉತ್ತಯ್ಯ.
ಬರೆದಿದ್ದೇನೆ.

ವಿಷಯ ಒಂದು: ಕೈಪಿಡಿ.
ಎಲ್ಲೋ ದೂರದ ಊರುಗಳಲ್ಲಿ
ನೋಡಿ, ತೂಗಿ, ಮತ್ತೆ ತೂಗಿ ಸಾಬೀತಾದದ್ದು:
ಮನಸ್ಸು ಕುಸಿದವರ ಬಳಿ ಆರು ಸಲ ಹೋಗಬೇಕು,
ಪ್ರತಿ ಸಲ ನಲವತ್ತು ನಿಮಿಷ ಕೂರಬೇಕು,
ಬುದ್ಧಿ ಹೇಳಬಾರದು,
ಒಂದು ಸಣ್ಣ ಕೆಲಸ ಒಪ್ಪಿಸಿ ಬರಬೇಕು
(ತಲೆ ಬಾಚುವುದು, ಅಂಗಳದ ತುದಿವರೆಗೆ ನಡೆಯುವುದು),
ಮುಂದಿನ ಸಲ ಮೊದಲು ಅದನ್ನೇ ಕೇಳಬೇಕು.
ಇಷ್ಟೇ. ಇಷ್ಟಕ್ಕೆ ನೂರ ಹನ್ನೆರಡು ಪುಟ.

ನಾಲ್ಕು ತಿಂಗಳು ನಾವು ಪುಟ ತಿರುವಿದೆವು.
ಲೈನ್ ಮನೆಗಳ ಬಾಗಿಲಿಗೆ ಬೀಗ.
ಹಣ್ಣು ಕುಯ್ಯುವ ಕಾಲ; ಬೆಳಿಗ್ಗೆ ಏಳಕ್ಕೆ ಹೋದವರು
ಚೀಲ ತೂಗಿಸಿ ಮರಳುವಾಗ ಐದೂವರೆ.
ಆರರ ಮೇಲೆ ದಾರಿ ಆನೆಯದು.
ನಡುವೆ ಉಳಿಯುವ ಅರ್ಧ ಗಂಟೆಯೊಳಗೆ
ನಲವತ್ತು ನಿಮಿಷವನ್ನು ಹೇಗೆ ಕೂರಿಸುವುದು?
ಯಾವ ಪುಟದಲ್ಲೂ ಇರಲಿಲ್ಲ.

ಹಾಗಾಗಿ ಜೀಪಿನ ರಜಾಕನನ್ನು ತಂಡಕ್ಕೆ ಸೇರಿಸಿದೆವು.
ಸಭೆಗೆ ಚಾಲಕ ಯಾಕೆಂದು ಮಡಿಕೇರಿಯ ಕಚೇರಿ ಕೇಳಿತು.
ಯಾವ ತೋಟದಲ್ಲಿ ಯಾವತ್ತು ಅರ್ಧ ದಿನ,
ಯಾವ ರೈಟರ್ ಗೇಟು ತೆಗೆಯುತ್ತಾನೆ,
ಯಾವ ತಿರುವಿನಲ್ಲಿ ಲದ್ದಿ ಇನ್ನೂ ಬಿಸಿ,
ಇವೆಲ್ಲ ತಿಳಿದದ್ದು ಅವನೊಬ್ಬನಿಗೆ.

ವಿಷಯ ಎರಡು: ಪ್ರಶ್ನೆ.
‘ಕಳೆದ ಹದಿನೈದು ದಿನಗಳಲ್ಲಿ ಎಷ್ಟು ದಿನ ಬೇಸರವಾಗಿತ್ತು?’
ಹದಿನೈದು ದಿನ ಯಾರು ಎಣಿಸ್ತಾರೆ, ಎಂದಳು ತೋಲಕ್ಕ,
ಎರಡು ಬಟವಾಡೆ ಅನ್ನಿ.
ಬೇಸರ ಅಂದರೆ ಎಲ್ಲರೂ ಇಲ್ಲ ಅಂತಾರೆ.
ಒಲೆ ಹಚ್ಚೋಕೆ ಕೈ ಬರಲಿಲ್ವಾ, ಹಾಗೆ ಕೇಳಿ.

ಡಾಕ್ಟರ್ ಪೆನ್ನು ಕೆಳಗಿಟ್ಟರು.
ಪ್ರಶ್ನೆ ಬದಲಾದ ಮೇಲೂ ಸಾಬೀತಾದದ್ದು ಸಾಬೀತೇ?
ಸಮಾಲೋಚಕಿ ಚೋಂದಮ್ಮ ಹೌದೆಂದಳು,
ಆಮೇಲೆ ಗೊತ್ತಿಲ್ಲವೆಂದಳು.
ಚಹಾ ಬಂತು. ಆರಿತು.

ತೋಲಕ್ಕ: ನನ್ನ ಗಂಡ ಮರ ಕಪಾತು ಮಾಡುವವನು.
ಏಣಿ ಹತ್ತುವ ಮೊದಲು ಅರ್ಧ ಬೀಡಿಯ ಹೊತ್ತು
ಕೆಳಗಿನ ಕಾಫಿ ಗಿಡ ನೋಡ್ತಾನೆ,
ಮರವನ್ನಲ್ಲ.

ಇದನ್ನು ನಡಾವಳಿಗೆ ಹೇಗೆ ಇಳಿಸಲಿ ತಿಳಿಯದೆ
ಹೀಗೆ ಬರೆದೆ. ತೀರ್ಮಾನ:
ಆರು ಭೇಟಿ ಕಡಿಯುವಂತಿಲ್ಲ.
ಹೋದವರೇ ಮತ್ತೆ ಹೋಗತಕ್ಕದ್ದು.
ಬುದ್ಧಿ ಹೇಳುವಂತಿಲ್ಲ.
ನಲವತ್ತು ನಿಮಿಷ, ಸೌದೆ ಹೊರೆಯ ಜೊತೆ ನಡೆಯುತ್ತಲೂ ಆಗಬಹುದು.
ಹೊಸ ಪ್ರಶ್ನೆಯನ್ನು ಹಳೆಯದರ ಬೆನ್ನಿಗೇ ಕೇಳುವುದು,
ಎರಡೂ ಉತ್ತರ ಬರೆದಿಡುವುದು, ಮೂರು ತಿಂಗಳು ನೋಡುವುದು.

ವಿಷಯ ಮೂರು: ಲೆಕ್ಕ.
ಪಟ್ಟಿಯಲ್ಲಿ ಹನ್ನೊಂದು ಹೆಂಗಸರು.
ಇಬ್ಬರು ಶುಂಠಿ ಕೆಲಸಕ್ಕೆ ವಯನಾಡಿಗೆ ಹೋದರು.
ಆರೂ ಭೇಟಿ ಮುಗಿದದ್ದು ಯಾರಿಗೂ ಇಲ್ಲ.
ಮೂರನೆಯದು ಮುಗಿದದ್ದು ಬೊಳ್ಳಿಗೆ ಮಾತ್ರ.
ಆಶಾ ಕಾರ್ಯಕರ್ತೆ ಹೊನ್ನಮ್ಮ ವರದಿ ಓದಿದಳು:
ತಲೆ ಬಾಚಿದ್ದಾಳೆ. ತನ್ನದಲ್ಲ, ಮಗಳದು.
ಎಲ್ಲಿ ಗುರುತು ಹಾಕಲಿ ಸಾರ್?
ಡಾಕ್ಟರ್ ತುಸು ಹೊತ್ತು ಕಿಟಕಿ ನೋಡಿದರು.
ಹಾಕಿ, ಎಂದರು.
ಇನ್ನೊಂದು ಕೇಳಿದಳು ಸಾರ್:
ಬರೋ ವಾರ ನೀನೇ ಬರ್ತೀಯಾ, ಅಂತ.

ಯಾರೂ ಮಾತಾಡಲಿಲ್ಲ.
ವಿಷಯ ನಾಲ್ಕು ನಾನೇ ಆಗಿದ್ದೆ.
ಮಾರ್ಚ್ ಮೂವತ್ತೊಂದಕ್ಕೆ ನನ್ನ ಗುತ್ತಿಗೆ ಮುಗಿಯುತ್ತದೆ.
ಕೆಲಸ ಒಬ್ಬಳ ತಲೆಯಲ್ಲೇ ಇದ್ದರೆ
ಅವಳ ಜೊತೆಗೇ ಬಸ್ಸು ಹತ್ತುತ್ತದೆ.
ನಡಾವಳಿ ಪುಸ್ತಕ ರಜಾಕನಿಗೆ.
ಅವನ ಕನ್ನಡ ಅಕ್ಷರ ಬಲು ದೊಡ್ಡದು, ಪುಟ ಬೇಗ ಮುಗಿಯುತ್ತದೆ;
ಇನ್ನೊಂದು ಪುಸ್ತಕಕ್ಕೆ ಮಂಜೂರಾತಿ ಕೋರಿದೆ.
ಜೊತೆಗೆ ಒಂದು ಕುರ್ಚಿ.

ಮುಂದಿನ ಸಭೆ: ಬಟವಾಡೆಯ ಮರುದಿನ,
ಮೂರು ಗಂಟೆಗೆ,
ಆನೆ ದಾರಿ ಬಿಟ್ಟರೆ.